ಹಗ್ಗದ ಎರಡೂ ತುದಿ: ನಾಯಿ ಸಾಕುವವರೂ ನಾಯಿಗೆ ಹೆದರುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿಗಳ ವಿಚಾರದಲ್ಲಿ ನನ್ನನ್ನು ಪ್ರಶ್ನೆ ಕೇಳುವವರು ಎರಡು ಬಗೆ: ಮನೆಯಲ್ಲಿ ನಾಯಿ ಇರುವವರು, ಪಕ್ಕದ ಮನೆಯಲ್ಲಿ ನಾಯಿ ಇರುವವರು. 2024ರ ಮಾರ್ಚ್‌ನಲ್ಲಿ 23 ಬಗೆಯ ನಾಯಿಗಳನ್ನು 'ಅಪಾಯಕಾರಿ' ಎಂದು ತಡೆಯಲು ಹೊರಟ ಕೇಂದ್ರ ಸರ್ಕಾರದ ಸುತ್ತೋಲೆ ಬಂದ ಮೇಲೆ ಎರಡೂ ಕಡೆಯವರ ದನಿ ಏರಿದೆ. ಪತ್ರಗಳಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ನನ್ನ ಒಲವು ನಾಯಿಗಳ ಕಡೆಗಿದೆ. ನಾಯಿ ಸಾಕುವವರ ಕಡೆಗೆ ಯಾವಾಗಲೂ ಇರುವುದಿಲ್ಲ. ಅದನ್ನು ತಿಳಿದುಕೊಂಡೇ ಓದಿ.

## ನಾಯಿ ತರುವ ಮುನ್ನ

ಮಕ್ಕಳು ನಾಯಿ ಬೇಕೆಂದು ಹಟ ಹಿಡಿದಿದ್ದಾರೆ. ತರೋಣವೇ?

ಮಕ್ಕಳ ಹಟ ಎರಡು ತಿಂಗಳು ಇರುತ್ತದೆ, ನಾಯಿ ಹತ್ತರಿಂದ ಹದಿಮೂರು ವರ್ಷ ಇರುತ್ತದೆ. ಈಗ ಆರನೇ ತರಗತಿಯಲ್ಲಿರುವ ಮಗಳು ಹಾಸ್ಟೆಲ್ ಸೇರಿದ ಮೇಲೂ ಬೆಳಿಗ್ಗೆ ಆರಕ್ಕೆ ಎದ್ದು ಅದನ್ನು ಹೊರಗೆ ಕರೆದೊಯ್ಯುವವರು ಯಾರು? ಈ ಪ್ರಶ್ನೆಗೆ ಮನೆಯಲ್ಲಿ ಒಬ್ಬರ ಹೆಸರು ತಡವರಿಸದೆ ಹೊರಬಂದರೆ ತನ್ನಿ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರೆ ಬೇಡ. ಊರಿಗೆ ಹೋಗುವಾಗ ನೋಡಿಕೊಳ್ಳುವವರು, ಕಾಯಿಲೆ ಬಿದ್ದಾಗ ಪಶುವೈದ್ಯರ ಖರ್ಚು, ಬಾಡಿಗೆ ಮನೆಯಾದರೆ ಮನೆ ಮಾಲೀಕರ ಒಪ್ಪಿಗೆ, ಇವೆಲ್ಲ ಮರಿ ಮನೆಗೆ ಬರುವ ಮೊದಲೇ ಇತ್ಯರ್ಥವಾಗಬೇಕು. ನಾಯಿಯಿಂದ ಉಂಟಾಗುವ ಹೆಚ್ಚಿನ ತಂಟೆಗಳಿಗೆ ಮೂಲ ಈ ಮೊದಲ ತೀರ್ಮಾನದಲ್ಲೇ ಇರುತ್ತದೆ. ನಡೆಸುವವರಿಲ್ಲದ ನಾಯಿ ಕಟ್ಟಿಹಾಕಿದ ನಾಯಿಯಾಗುತ್ತದೆ, ಕಟ್ಟಿಹಾಕಿದ ನಾಯಿ ಸಿಡುಕುವ ನಾಯಿಯಾಗುತ್ತದೆ.

ಮರಿಯನ್ನು ಎಲ್ಲಿಂದ ತರುವುದು? ಯಾವ ತಳಿ ಒಳ್ಳೆಯದು?

ತಾಯಿನಾಯಿಯನ್ನು ತೋರಿಸಲು ಒಪ್ಪದ ಮಾರಾಟಗಾರನಿಂದ ತರಬೇಡಿ. ನಾಯಿ ತಳಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಹಾಕಿಸುವ ವ್ಯಾಪಾರ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಮೊದಲ ಎಂಟು ವಾರ ತಾಯಿ, ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿಕೊಂಡು ಬೆಳೆದ ಮರಿಗೆ ಹಲ್ಲನ್ನು ಎಷ್ಟು ಊರಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಾಗಿರುತ್ತದೆ. ಮೂವತ್ತು ದಿನಕ್ಕೇ ಬೇರ್ಪಡಿಸಿ ಮಾರಿದ ಮರಿಗೆ ಅದನ್ನು ಕಲಿಸುವ ಕೆಲಸ ನಿಮ್ಮ ಕೈಬೆರಳುಗಳ ಪಾಲಿಗೆ ಬರುತ್ತದೆ.

ತಳಿಯ ವಿಚಾರದಲ್ಲಿ ಮನೆಯನ್ನೂ ಹವೆಯನ್ನೂ ನೋಡಿ. ಕಲಬುರಗಿಯ ಬಿಸಿಲಿನಲ್ಲಿ ಹಿಮನಾಡಿನ ಹಸ್ಕಿ ಸಾಕುವವರನ್ನು ಕಂಡಾಗ ನನಗೆ ಆ ನಾಯಿಗಿಂತ ಹೆಚ್ಚಾಗಿ ಅವರ ವಿದ್ಯುತ್ ಬಿಲ್ಲಿನ ನೆನಪಾಗುತ್ತದೆ. ಮುಧೋಳ ನಾಯಿ ನಮ್ಮ ನೆಲದ್ದೇ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ ಅದು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. ಆದರೆ ಅದು ಬೇಟೆಗೆಂದು ಬೆಳೆಸಿದ ಓಟಗಾರ, ಎರಡು ಕೋಣೆಯ ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದಲ್ಲ. ಹೆಚ್ಚಿನ ಮನೆಗಳಿಗೆ ನನ್ನ ಸಲಹೆ ಬೀದಿಯ ನಾಟಿ ಮರಿ: ನಮ್ಮ ಹವೆಗೆ ಒಗ್ಗಿರುತ್ತದೆ, ದೊಡ್ಡ ತಳಿಗಳನ್ನು ಕಾಡುವ ಹುಟ್ಟುರೋಗಗಳೂ ಕಡಿಮೆ.

ಸಾಕುನಾಯಿಗೂ ಪರವಾನಗಿ ಬೇಕೇ?

ಬೆಂಗಳೂರಿನಲ್ಲಿ ಕಡ್ಡಾಯ. ಬೇರೆ ಊರಿನವರು ತಮ್ಮ ಪಾಲಿಕೆ ಅಥವಾ ಪುರಸಭೆಯ ಉಪನಿಯಮಗಳನ್ನು ಕೇಳಿ ತಿಳಿದುಕೊಳ್ಳಬೇಕು. ಪರವಾನಗಿ ಪಡೆಯಲು ರೇಬೀಸ್ ಲಸಿಕೆಯ ದಾಖಲೆ ಬೇಕಾಗುತ್ತದೆ; ಆ ಕಾಗದದ ನಿಜವಾದ ಉಪಯೋಗವೂ ಅದೇ. ಶುಲ್ಕ ದೊಡ್ಡದಲ್ಲ. ಆದರೂ ಪಡೆಯುವವರು ಬೆರಳೆಣಿಕೆಯಷ್ಟು ಮಂದಿ. ತಳಿ ನಿಷೇಧದ ವಿರುದ್ಧ ಉದ್ದುದ್ದ ಪತ್ರ ಬರೆದವರಲ್ಲಿ ಎಷ್ಟು ಮಂದಿಯ ನಾಯಿಗೆ ಪರವಾನಗಿ ಇದೆ ಎಂದು ಕೇಳುವ ಆಸೆ ನನಗೆ ಆಗಾಗ ಬರುತ್ತದೆ.

ನಮ್ಮ ನಾಯಿ ಗೇಟು ದಾಟುವುದೇ ಇಲ್ಲ. ಲಸಿಕೆ ಏಕೆ?

ಮುಂಗುಸಿ, ಬೆಕ್ಕು, ಬೀದಿನಾಯಿಗಳಿಗೆ ಗೇಟಿನ ಲೆಕ್ಕವಿಲ್ಲ. ಮರಿಗೆ ಮೂರು ತಿಂಗಳಾಗುವ ಹೊತ್ತಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ. ನಾಯಿಗಳನ್ನು ಕಾಡುವ ವೈರಸ್ ರೋಗಗಳಾದ ಡಿಸ್ಟೆಂಪರ್ ಮತ್ತು ಪಾರ್ವೊ ಲಸಿಕೆಗಳು ಇದಕ್ಕಿಂತ ಮೊದಲೇ ಶುರುವಾಗುತ್ತವೆ.

## ಹಗ್ಗ, ಬೀದಿ, ನೆರೆಹೊರೆ

ನಮ್ಮದು ಇರುವೆಗೂ ತೊಂದರೆ ಕೊಡುವುದಿಲ್ಲ. ಅದಕ್ಕೂ ಹಗ್ಗ ಕಟ್ಟಬೇಕೇ?

ಕಟ್ಟಬೇಕು. ನಿಮ್ಮ ನಾಯಿಯ ಸ್ವಭಾವ ನಿಮಗೆ ಗೊತ್ತು, ಎದುರಿನಿಂದ ಬರುವವರಿಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡು ಹೊಕ್ಕುಳ ಸುತ್ತ ಚುಚ್ಚಿಸಿಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕಡೆಗೆ ಬಾಲ ಅಲ್ಲಾಡಿಸುತ್ತ ಓಡಿ ಬರುವ ಲ್ಯಾಬ್ರಡಾರ್ ಕೂಡ ಅವರ ಪಾಲಿಗೆ ಯಮನೇ. ಗಾಬರಿಯಲ್ಲಿ ಹಿಂದೆ ಸರಿದ ಅಜ್ಜಿಯ ಸೊಂಟದ ಮೂಳೆ ಮುರಿಯಲು ನಾಯಿ ಕಚ್ಚಬೇಕಾಗಿಲ್ಲ. ಸ್ಕೂಟರಿನಲ್ಲಿ ಬರುವವನು ಬೀಳಲು ಅದು ರಸ್ತೆಗೆ ಅಡ್ಡ ಬಂದರೆ ಸಾಕು.

ಇನ್ನೊಂದು ಸಂಗತಿಯನ್ನು ನಾಯಿ ಪ್ರೀತಿಸುವವರೇ ಮರೆಯುತ್ತಾರೆ. ಹಗ್ಗ ಇರುವುದು ಜನರನ್ನು ನಾಯಿಯಿಂದ ಕಾಯುವುದಕ್ಕಷ್ಟೇ ಅಲ್ಲ. ದೀಪಾವಳಿಯ ಪಟಾಕಿಗೆ ಬೆದರಿ ಓಡಿದ ನಾಯಿ, ಹೆಣ್ಣುನಾಯಿಯ ಜಾಡು ಹಿಡಿದು ವರ್ತುಲ ರಸ್ತೆ ದಾಟಲು ಹೋದ ನಾಯಿ, ಯಾರೋ ಎಸೆದ ಇಲಿಪಾಷಾಣದ ಉಂಡೆಗೆ ಬಾಯಿ ಹಾಕಿದ ನಾಯಿ, ಇವುಗಳಲ್ಲಿ ಯಾವುದೂ ದುಷ್ಟ ನಾಯಿಯಲ್ಲ. 'ಕರೆದರೆ ಬರುತ್ತದೆ' ಎಂಬ ಮಾತು ಮನೆಯಂಗಳದಲ್ಲಿ ನಿಜ. ಎದುರಿಗೆ ಬೆಕ್ಕು ಹಾಯ್ದ ಕ್ಷಣದಲ್ಲಿ ನಿಜವಾಗುತ್ತದೆಯೇ ಎಂದು ಕೇಳಿಕೊಳ್ಳಿ. ಮುಧೋಳದಂಥ ಬೇಟೆನಾಯಿ ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತಲೆಂದೇ ಹುಟ್ಟಿದ್ದು. ಒಮ್ಮೆ ಹೊರಟರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ಹಗ್ಗ ಕಟ್ಟಲೇಬೇಕು ಎಂಬ ಕಾನೂನು ಎಲ್ಲಿದೆ, ತೋರಿಸಿ.

ದೇಶಕ್ಕೆಲ್ಲ ಅನ್ವಯವಾಗುವ, 'ಹಗ್ಗ' ಎಂಬ ಮಾತಿರುವ ಪ್ರತ್ಯೇಕ ಕಾಯ್ದೆ ಇಲ್ಲ. ಅದನ್ನೇ ಹಿಡಿದು ವಾದಿಸುವವರು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮನ್ನು ಓದಿಕೊಳ್ಳಬೇಕು. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಸಾಕಷ್ಟು ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಜುಲೈ 1ಕ್ಕೆ ಮುನ್ನ ಇದೇ ಅಪರಾಧ ಹಳೆಯ ದಂಡಸಂಹಿತೆಯ 289ನೇ ಕಲಮಿನಲ್ಲಿತ್ತು. ಆಗ ದಂಡದ ಮಿತಿ ಒಂದು ಸಾವಿರ. ಇಲ್ಲಿ ತಳಿಯ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಪುಟ್ಟ ಪಾಮೆರೇನಿಯನ್‌ನ ಮಾಲೀಕನೂ ದೈತ್ಯ ರಾಟ್‌ವೀಲರ್‌ನ ಮಾಲೀಕನೂ ಈ ಕಲಮಿನ ಮುಂದೆ ಸಮಾನರು. ಊರೂರಿನ ಪಾಲಿಕೆಗಳ ಉಪನಿಯಮಗಳು ಇದರ ಮೇಲೆ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸಾರ್ವಜನಿಕ ಸ್ಥಳದಲ್ಲಿ ನಾಯಿಗೆ ಹಗ್ಗವಿರಲಿ ಎಂದೇ ಹೇಳುತ್ತದೆ.

ಎಂಥ ಹಗ್ಗ ಕೊಳ್ಳಬೇಕು?

ನಾಲ್ಕರಿಂದ ಆರು ಅಡಿಯ, ಅಂಗೈಗೆ ಒತ್ತದ ಅಗಲ ಪಟ್ಟಿ. ಗುಂಡಿ ಒತ್ತಿದರೆ ಉದ್ದವಾಗುವ, ಡಬ್ಬಿಯೊಳಗೆ ಸುತ್ತಿಕೊಳ್ಳುವ ಬಗೆ ನಮ್ಮ ರಸ್ತೆಗಳಿಗೆ ಅಲ್ಲವೇ ಅಲ್ಲ. ತೆಳ್ಳನೆಯ ದಾರ ಬೈಕ್ ಸವಾರರ ಕಣ್ಣಿಗೆ ಬೀಳುವುದಿಲ್ಲ. ಎಳೆಯುವ ನಾಯಿಗೆ ಕೊರಳಪಟ್ಟಿಗಿಂತ ಎದೆಪಟ್ಟಿ ಮೇಲು. ಹಗ್ಗ ಹಿಡಿಯುವವರಿಗೆ ನಾಯಿಯನ್ನು ತಡೆದು ನಿಲ್ಲಿಸುವ ಕಸುವು ಇರಬೇಕು. ನಲವತ್ತು ಕಿಲೋ ತೂಗುವ ನಾಯಿಯನ್ನು ಎಂಟು ವರ್ಷದ ಹುಡುಗನ ಕೈಗೆ ಕೊಟ್ಟು ಕಳಿಸುವುದು ಹಗ್ಗವಿಲ್ಲದೆ ಬಿಟ್ಟಂತೆಯೇ.

ನಮ್ಮದು ಹಗ್ಗದಲ್ಲಿದೆ, ಆದರೆ ಬೀದಿನಾಯಿಗಳು ಸುತ್ತುವರಿಯುತ್ತವೆ. ಏನು ಮಾಡಲಿ?

ಪರದೇಶದ ನಾಯಿ ತರಬೇತಿ ಪುಸ್ತಕಗಳಲ್ಲಿ ಉತ್ತರ ಸಿಗದ ಪ್ರಶ್ನೆ ಇದು. ಬೀದಿನಾಯಿಗಳಿಗೆ ಎಲ್ಲೆಗಳಿರುತ್ತವೆ. ಈ ಕಂಬದಿಂದ ಆ ಕಸದ ತೊಟ್ಟಿಯವರೆಗೆ ಒಂದು ಗುಂಪು, ಅಲ್ಲಿಂದಾಚೆ ಇನ್ನೊಂದು. ನಿಮ್ಮ ಬಡಾವಣೆಯ ಈ ನಕಾಶೆಯನ್ನು ಕಲಿತು, ಎರಡು ಗುಂಪುಗಳು ಕೂಡುವ ಜಾಗವನ್ನು ತಪ್ಪಿಸಿ ನಡೆಯಿರಿ. ಅವು ಆಹಾರ ತಿನ್ನುವ ಹೊತ್ತಿನಲ್ಲಿ ಆ ಕಡೆ ಹೋಗಬೇಡಿ. ಬೊಗಳುತ್ತ ಬಂದರೆ ಓಡಬೇಡಿ, ಚಿಕ್ಕ ನಾಯಿಯನ್ನು ತಟಕ್ಕನೆ ಎತ್ತಿ ತಲೆಯ ಮೇಲೆ ಹಿಡಿಯಬೇಡಿ. ಎತ್ತಿದ ನಾಯಿಯತ್ತ ಅವು ಜಿಗಿದಾಗ ಬಾಯಿಗೆ ಸಿಗುವುದು ನಿಮ್ಮ ತೋಳು. ನಿಮ್ಮ ನಾಯಿಯನ್ನು ಹಿಂದೆ ಇರಿಸಿಕೊಂಡು, ಗುಂಪಿನ ಕಡೆಗೆ ಮುಖ ಮಾಡಿಯೇ ನಿಧಾನವಾಗಿ ಎಲ್ಲೆ ದಾಟಿ. ಕೈಯಲ್ಲೊಂದು ಕೊಡೆ ಇದ್ದರೆ ಒಳ್ಳೆಯದು. ಬಡಿಯುವುದಕ್ಕಲ್ಲ, ನಡುವೆ ಬಿಚ್ಚಿ ಹಿಡಿಯುವುದಕ್ಕೆ. ಇಂಥ ಗದ್ದಲದಲ್ಲಿ ತಮ್ಮ ನಾಯಿಯ ಹಗ್ಗ ಬಿಚ್ಚಿ 'ತಾನೇ ನೋಡಿಕೊಳ್ಳಲಿ' ಎನ್ನುವ ಧೀರರೂ ಇದ್ದಾರೆ. ನೋಡಿಕೊಳ್ಳುವುದು ಆಮೇಲೆ ಪಶುವೈದ್ಯರು.

ಮನೆ ಕಾಯುವುದಕ್ಕೆ ತಾನೇ ನಾಯಿ? ಹಗಲೆಲ್ಲ ಸರಪಳಿಯಲ್ಲಿದ್ದರೆ ತಪ್ಪೇನು?

ಕಾನೂನಿನ ಪ್ರಕಾರವೇ ತಪ್ಪು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟಿಹಾಕುವುದನ್ನೂ, ಸದಾ ಕಟ್ಟಿಯೇ ಇಡುವ ನಾಯಿಯನ್ನು ಓಡಾಡಿಸದಿರುವುದನ್ನೂ ಹಿಂಸೆಯ ಪಟ್ಟಿಗೆ ಸೇರಿಸಿದೆ. ಅರವತ್ತು ವರ್ಷ ದಾಟಿದ ಕಾಯ್ದೆಯಲ್ಲಿ ನಾಯಿಯ ವ್ಯಾಯಾಮಕ್ಕೆಂದೇ ಒಂದು ಉಪಕಲಮು ಇದೆ ಎಂದರೆ ಹಲವರು ನಂಬುವುದಿಲ್ಲ. ಕಾವಲಿನ ದೃಷ್ಟಿಯಿಂದಲೂ ಇದು ನಷ್ಟದ ವ್ಯವಹಾರ. ದಿನವಿಡೀ ಕಟ್ಟಿಹಾಕಿದ ನಾಯಿ ಪೇಪರ್ ಹಾಕುವವನಿಗೂ ಬೊಗಳುತ್ತದೆ, ಹಾರುವ ಪ್ಲಾಸ್ಟಿಕ್ ಚೀಲಕ್ಕೂ ಬೊಗಳುತ್ತದೆ. ಕಳ್ಳ ಬಂದಾಗಲೂ ನೀವು ಮಗ್ಗುಲು ಬದಲಿಸಿ ಮಲಗುತ್ತೀರಿ.

ನಾಯಿ ಇರುವವರು ಫ್ಲ್ಯಾಟ್ ಖಾಲಿ ಮಾಡಬೇಕೆಂದು ನಮ್ಮ ನಿವಾಸಿಗಳ ಸಂಘ ನಿರ್ಣಯ ಮಾಡಿದೆ. ಸರಿಯೇ?

ಸರಿಯಲ್ಲ. ಬಹುಮತದಿಂದ ಪಾಸು ಮಾಡಿದರೂ ಅಂಥ ನಿರ್ಣಯಕ್ಕೆ ಕಾನೂನಿನ ಬಲ ಇಲ್ಲ. ಮೇಲೆ ಹೇಳಿದ 2015ರ ಮಾರ್ಗಸೂಚಿ ಸಾಕುಪ್ರಾಣಿ ನಿಷೇಧಿಸುವ ಅಧಿಕಾರ ಸಂಘಗಳಿಗಿಲ್ಲ ಎಂದಿದೆ. ಲಿಫ್ಟ್ ಬಳಸಬೇಡಿ ಎನ್ನುವುದಕ್ಕೂ, ಕಾನೂನಿನಲ್ಲಿಲ್ಲದ ದಂಡ ವಸೂಲು ಮಾಡುವುದಕ್ಕೂ ಅದು ಒಪ್ಪುವುದಿಲ್ಲ. ಪ್ರಾಣಿ ಸಾಕುವುದನ್ನು ನಿಷೇಧಿಸುವ ಇಂಥ ಷರತ್ತುಗಳು ಕಾನೂನುಬಾಹಿರ ಎಂದು ಕೇರಳ ಹೈಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ.

ಆದರೆ ಸಂಘದವರು ಕೆರಳುವುದು ಸಾಮಾನ್ಯವಾಗಿ ನಾಯಿಯ ಮೇಲಲ್ಲ. ಮೆಟ್ಟಿಲ ಮೇಲಿನ ಮೂತ್ರದ ವಾಸನೆಯ ಮೇಲೆ, ಮಧ್ಯರಾತ್ರಿಯವರೆಗೆ ಬಾಲ್ಕನಿಯಲ್ಲಿ ಬೊಗಳುವ ನಾಯಿಯನ್ನು ಒಳಗೆ ಕರೆಯದ ಮಾಲೀಕರ ಮೇಲೆ. ವಕೀಲರ ನೋಟಿಸು ಕಳಿಸುವ ಮೊದಲು ಲಿಫ್ಟಿನಲ್ಲಿ ಯಾರಾದರೂ ಇದ್ದರೆ 'ನೀವು ಹೋಗಿ, ನಾವು ಮುಂದಿನದರಲ್ಲಿ ಬರುತ್ತೇವೆ' ಎಂದು ಒಂದು ತಿಂಗಳು ಹೇಳಿ ನೋಡಿ.

ನಾಯಿಯ ಮಲವನ್ನೂ ನಾವೇ ಎತ್ತಬೇಕೇ?

ಹೌದು. ಬೇರೆ ಯಾರು ಎತ್ತಬೇಕು?

ನಮ್ಮದು ಕಾಫಿ ತೋಟ. ಇಲ್ಲಿಗೂ ಈ ನಿಯಮಗಳೆಲ್ಲ ಅನ್ವಯಿಸುತ್ತವೆಯೇ?

ರಾತ್ರಿ ಬಿಟ್ಟ ನಾಯಿಗಳನ್ನು ಬೆಳಿಗ್ಗೆ ಆಳುಗಳು ಬರುವ ಮೊದಲು ಕಟ್ಟುವ ರೂಢಿ ಮಲೆನಾಡಿನ ಒಳ್ಳೆಯ ತೋಟಗಳಲ್ಲಿ ಇದೆ, ಅದನ್ನು ಬಿಡಬೇಡಿ. ತೋಟದ ನಡುವೆ ಹಾಡಿಗೋ ಶಾಲೆಗೋ ಹೋಗುವ ಕಾಲುದಾರಿ ಇದ್ದರೆ 'ನಾಯಿ ಇದೆ' ಎಂಬ ಬೋರ್ಡು ತಗುಲಿಸಿ ಕೈತೊಳೆದುಕೊಳ್ಳುವಂತಿಲ್ಲ. ಓದಲು ಬಾರದ ಮಗುವಿನ ಮುಂದೆ ಬೋರ್ಡಿಗೆ ಬೆಲೆಯಿಲ್ಲ, 291ನೇ ಕಲಮು ತೋಟದ ಬೇಲಿಯ ಬಳಿ ನಿಲ್ಲುವುದೂ ಇಲ್ಲ. ಕಾಡಂಚಿನಲ್ಲಿ ಬಿಟ್ಟ ನಾಯಿ ಚಿರತೆಯ ಬಾಯಿಗೆ ಸಿಗುವುದು ಒಂದು ಕಥೆಯಾದರೆ, ಲಸಿಕೆ ಇಲ್ಲದ ನಾಯಿಯಿಂದ ಡಿಸ್ಟೆಂಪರ್‌ನಂಥ ರೋಗ ಕಾಡುನಾಯಿ, ನರಿಗಳಿಗೆ ದಾಟುವುದು ಇನ್ನೊಂದು. ತೋಟದ ನಾಯಿಗೆ ಲಸಿಕೆ ಪೇಟೆಯ ನಾಯಿಗಿಂತಲೂ ಅಗತ್ಯ.

## 'ಅಪಾಯಕಾರಿ ತಳಿ' ಎಂಬ ಜಗಳ

23 ತಳಿಗಳನ್ನು ನಿಷೇಧಿಸಿದ್ದಾರಂತೆ. ನಮ್ಮ ರಾಟ್‌ವೀಲರ್ ಗತಿಯೇನು?

ಮಾರ್ಚ್ 12, 2024ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ, ಕೇನ್ ಕೊರ್ಸೊ, ಅಕಿಟಾ ಮೊದಲಾದ 23 ಬಗೆಯ ನಾಯಿಗಳ ಆಮದು, ಮರಿ ಹಾಕಿಸುವಿಕೆ ಮತ್ತು ಮಾರಾಟಕ್ಕೆ ಪರವಾನಗಿ ಕೊಡಬೇಡಿ, ಈಗಾಗಲೇ ಮನೆಗಳಲ್ಲಿರುವುದಕ್ಕೆ ಸಂತಾನಹರಣ ಮಾಡಿಸಿ ಎಂಬುದು ಅದರ ಸಾರ. ಇದರ ಹಿಂದೆ ದೆಹಲಿ ಹೈಕೋರ್ಟಿನ ಒಂದು ನಿರ್ದೇಶನ ಇತ್ತು: ಸಂಬಂಧಪಟ್ಟವರೊಂದಿಗೆ ಸಮಾಲೋಚಿಸಿ ತೀರ್ಮಾನಿಸಿ ಎಂದು.

ಆ ಸಮಾಲೋಚನೆಯೇ ನಡೆಯಲಿಲ್ಲ. ಬೆಂಗಳೂರಿನಲ್ಲಿ ನಾಯಿ ತರಬೇತುದಾರರೊಬ್ಬರು ಮತ್ತು ರಾಟ್‌ವೀಲರ್ ಮಾಲೀಕರೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. ಅದೇ ತಿಂಗಳಲ್ಲಿ ತಡೆಯಾಜ್ಞೆ ಬಂತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸುತ್ತೋಲೆಯನ್ನು ರದ್ದುಪಡಿಸಿದರು. ಆದ್ದರಿಂದ ಕರ್ನಾಟಕದಲ್ಲಿ ಆ ಸುತ್ತೋಲೆಯನ್ನು ತೋರಿಸಿ ನಿಮ್ಮ ನಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಕೋರ್ಟು ಹೇಳಿದ್ದು ಈ ನಾಯಿಗಳು ನಿರಪಾಯ ಎಂದಲ್ಲ. ಸುತ್ತೋಲೆ ತಂದ ದಾರಿ ಸರಿಯಿಲ್ಲ ಎಂದು. ಸರಿಯಾದ ಕ್ರಮದಲ್ಲಿ, ಎಲ್ಲರನ್ನೂ ಕೇಳಿ ಹೊಸ ನಿಯಮ ತರುವ ಬಾಗಿಲು ಸರ್ಕಾರಕ್ಕೆ ತೆರೆದೇ ಇದೆ. ಬೇರೆ ರಾಜ್ಯಕ್ಕೆ ವರ್ಗವಾಗುವವರು ಅಲ್ಲಿನ ಪಾಲಿಕೆಯ ನಿಯಮ ನೋಡಿಕೊಳ್ಳಿ. ಗಾಜಿಯಾಬಾದ್ ಪಾಲಿಕೆ 2022ರಲ್ಲೇ ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ ಸಾಕುವುದನ್ನು ನಿರ್ಬಂಧಿಸಿತ್ತು.

ಆ ಪಟ್ಟಿಯಲ್ಲಿ ಅಂಥ ತಪ್ಪೇನಿತ್ತು?

ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿದರೆ ಸಾಕು. 'ತೋಸಾ ಇನು' ಒಂದು ಕಡೆ, 'ಜಪಾನಿ ತೋಸಾ' ಇನ್ನೊಂದು ಕಡೆ. ಎರಡೂ ಒಂದೇ ನಾಯಿ. 'ಟೆರಿಯರ್‌ಗಳು' ಎಂದು ಬಿಡುಬೀಸಾಗಿ ಬರೆದಿದ್ದರು. ಟೆರಿಯರ್ ಎಂಬುದು ತಳಿಯಲ್ಲ, ದೊಡ್ಡ ವರ್ಗ. ಮಡಿಲಲ್ಲಿ ಕೂರುವ ಮೂರು ಕಿಲೋದ ಯಾರ್ಕ್‌ಶೈರ್ ಟೆರಿಯರ್ ಕೂಡ ಅದರೊಳಗೆ ಬರುತ್ತದೆ. ತೊರ್ನ್ಯಾಕ್, ಶಾರ್‌ಪ್ಲಾನಿನಾತ್ಸ್, ಅಕ್‌ಬಾಶ್ ಎಂಬವು ಬಾಲ್ಕನ್ ಮತ್ತು ತುರ್ಕಿಯ ಕುರಿಮಂದೆ ಕಾಯುವ ನಾಯಿಗಳು. ಭಾರತದ ಬೀದಿಯಲ್ಲಿ ಅವುಗಳಿಂದ ಕಚ್ಚಿಸಿಕೊಂಡವರು ಯಾರಾದರೂ ಇದ್ದರೆ ನನಗೆ ಅವರನ್ನು ಭೇಟಿಯಾಗುವ ಕುತೂಹಲ ಇದೆ. ಇನ್ನು ಪಿಟ್‌ಬುಲ್: ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಅನ್ನು ಅಂತರರಾಷ್ಟ್ರೀಯ ನಾಯಿ ಒಕ್ಕೂಟವಾದ ಎಫ್‌ಸಿಐ ತಳಿಯೆಂದೇ ಮಾನ್ಯ ಮಾಡಿಲ್ಲ. ಹಾಗಿದ್ದ ಮೇಲೆ ಗೇಟಿನ ಮುಂದೆ ನಿಂತ ಪಾಲಿಕೆ ಸಿಬ್ಬಂದಿ, ತಲೆ ಅಗಲವಾಗಿರುವ ಮಿಶ್ರತಳಿಯ ನಾಯಿಯನ್ನು ಯಾವ ಲೆಕ್ಕದಲ್ಲಿ ಗುರುತಿಸಬೇಕು?

ಏನೇ ಹೇಳಿ, ಕೆಲವು ತಳಿಗಳು ಹುಟ್ಟಿನಿಂದಲೇ ಕ್ರೂರಿಗಳಲ್ಲವೇ?

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರ ಉತ್ತರಗಳನ್ನೂ 2,155 ನಾಯಿಗಳ ಅನುವಂಶಿಕ ಮಾಹಿತಿಯನ್ನೂ ಒಟ್ಟಿಗೆ ನೋಡಿತು. ನಾಯಿ ನಾಯಿಯ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು ಶೇ 9 ಮಾತ್ರ ಎಂದು ಅದು ಕಂಡುಕೊಂಡಿತು. ತಾಯಿ ಮರಿಗಳನ್ನು ಬೆಳೆಸಿದ ರೀತಿ, ಮೂರರಿಂದ ಹದಿನಾಲ್ಕು ವಾರದವರೆಗಿನ ವಯಸ್ಸಿನಲ್ಲಿ ಮರಿ ಕಂಡ ಜನ, ಕೇಳಿದ ಸದ್ದು, ತಿಂದ ಪೆಟ್ಟು, ಇವುಗಳ ಕೈವಾಡ ಬಹಳ ದೊಡ್ಡದು. ಒಂದೇ ಹೊಟ್ಟೆಯ ಎರಡು ಮರಿ ಎರಡು ಮನೆಯಲ್ಲಿ ಬೆಳೆದು ಒಂದು ಸಾಧು, ಒಂದು ರೌಡಿ ಆದದ್ದನ್ನು ನಾಯಿ ಸಾಕುವವರ ವಲಯದಲ್ಲಿ ಎಲ್ಲರೂ ನೋಡಿರುತ್ತಾರೆ.

ಹಾಗಾದರೆ ತಳಿ ಲೆಕ್ಕಕ್ಕೇ ಇಲ್ಲವೇ?

ಇದೆ. ನಾಯಿ ಪ್ರೇಮಿಗಳು ನನ್ನ ಮೇಲೆ ಮುನಿಸಿಕೊಳ್ಳುವುದು ಇಲ್ಲಿಂದಲೇ. ಯಾವ ನಾಯಿ ಕಚ್ಚುತ್ತದೆ ಎಂಬುದನ್ನು ತಳಿ ಸರಿಯಾಗಿ ಹೇಳಲಾರದು, ಆದರೆ ಕಚ್ಚಿದರೆ ಏನಾಗುತ್ತದೆ ಎಂಬುದನ್ನು ನಾಯಿಯ ಗಾತ್ರ ಮತ್ತು ದವಡೆ ಚೆನ್ನಾಗಿಯೇ ಹೇಳುತ್ತವೆ. ಮೊಪೆಡ್ಡಿನವನೂ ಲಾರಿಯವನೂ ಒಂದೇ ಬಗೆಯ ಅಜಾಗರೂಕತೆ ತೋರಬಹುದು. ಲಾರಿಯವನ ಪರವಾನಗಿ ಬೇರೆ ಇರುವುದಕ್ಕೆ ಕಾರಣ ಇದೆ. ಲಖನೌದಲ್ಲಿ 2022ರ ಜುಲೈನಲ್ಲಿ ಪಿಟ್‌ಬುಲ್ ಕೊಂದದ್ದು ಅದನ್ನು ಸಾಕಿದ ಮನೆಯ ವೃದ್ಧೆಯನ್ನೇ. ಚೆನ್ನೈನ ಪಾಲಿಕೆ ಉದ್ಯಾನದಲ್ಲಿ 2024ರ ಮೇ ತಿಂಗಳಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಹುಡುಗಿಯನ್ನು ತೀವ್ರವಾಗಿ ಗಾಯಗೊಳಿಸಿದವು. ಆ ಜಾಗದಲ್ಲಿ ಎರಡು ಪಾಮೆರೇನಿಯನ್ ಇದ್ದಿದ್ದರೆ ಸುದ್ದಿ ಆ ಉದ್ಯಾನವನ್ನು ದಾಟುತ್ತಿರಲಿಲ್ಲ. 'ಎಲ್ಲ ನಾಯಿಯೂ ಒಂದೇ, ತಪ್ಪೆಲ್ಲ ಮಾಲೀಕರದ್ದು' ಎಂಬ ಘೋಷಣೆ ಆ ಹುಡುಗಿಯ ತಾಯಿಯ ಮುಂದೆ ನಿಲ್ಲುವುದಿಲ್ಲ.

ನಿಯಮ ಬರೆಯುವ ಕೆಲಸ ನನಗೆ ಕೊಟ್ಟರೆ ತಳಿಗಳ ಪಟ್ಟಿಯನ್ನು ಹರಿದು ಹಾಕಿ ತೂಕ ಮತ್ತು ನಡತೆಯನ್ನು ಹಿಡಿಯುತ್ತೇನೆ. ಇಷ್ಟು ಕಿಲೋ ಮೀರಿದ ಯಾವುದೇ ನಾಯಿಗೆ ಚರ್ಮದಡಿ ಗುರುತಿನ ಮೈಕ್ರೋಚಿಪ್, ಮೂರನೆಯವರ ಗಾಯಕ್ಕೆ ವಿಮೆ, ಮಾಲೀಕರಿಗೆ ಒಂದು ದಿನದ ತರಬೇತಿ, ಎತ್ತರದ ಕಾಂಪೌಂಡು. ಒಮ್ಮೆ ಕಾರಣವಿಲ್ಲದೆ ಕಚ್ಚಿದ ನಾಯಿಗೆ, ಅದು ಗಿಡ್ಡ ಕಾಲಿನ ಡ್ಯಾಶ್‌ಹುಂಡ್ ಆದರೂ ಸರಿ, ಬೀದಿಯಲ್ಲಿ ಬಾಯಿಕುಕ್ಕೆ ಕಡ್ಡಾಯ. ಎರಡನೆಯ ಸಲ ಅದೇ ತಪ್ಪು ಮಾಡಿಸಿದ ಮಾಲೀಕರಿಗೆ ನಾಯಿ ಸಾಕುವ ಹಕ್ಕೇ ಇಲ್ಲ. ಜನ ಸಹಿಸದಿರುವುದು ಈ ಕೊನೆಯ ಸಾಲನ್ನು. ನಿಜವಾಗಿ ಕೆಲಸ ಮಾಡುವುದೂ ಅದೇ.

ಬಾಯಿಕುಕ್ಕೆ ಹಾಕುವುದು ನಾಯಿಗೆ ಹಿಂಸೆಯಲ್ಲವೇ?

ಮೂತಿಯನ್ನು ಬಿಗಿಯಾಗಿ ಸುತ್ತುವ ಬಟ್ಟೆಯ ಪಟ್ಟಿ ಹಿಂಸೆಯೇ. ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತಲೇ ಮೈ ತಣಿಸಿಕೊಳ್ಳಬೇಕು, ನಮ್ಮ ಬೇಸಿಗೆಯಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಬುಟ್ಟಿಯ ಹಾಗಿರುವ, ಒಳಗೆ ಬಾಯಿ ತೆರೆದು ನೀರು ಕುಡಿಯಬಹುದಾದ ಬಗೆಯನ್ನು ತನ್ನಿ. ಒಳಗೊಂದು ತುಂಡು ತಿಂಡಿ ಇಟ್ಟು ವಾರಗಟ್ಟಲೆ ರೂಢಿ ಮಾಡಿಸಿದರೆ ನಾಯಿ ತಾನಾಗಿ ಮೂತಿ ತೂರಿಸುತ್ತದೆ.

ಹೊರದೇಶಗಳಲ್ಲಿ ತಳಿ ನಿಷೇಧದಿಂದ ಪ್ರಯೋಜನವಾಗಿದೆಯೇ?

ಬ್ರಿಟನ್ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಲ್ಲಿ ಪಿಟ್‌ಬುಲ್, ಜಪಾನಿ ತೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರಸಿಲೇರೊ ಎಂಬ ನಾಲ್ಕನ್ನು ನಿಷೇಧಿಸಿತು. ಆಮೇಲಿನ ಮೂರು ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ನಾಯಿ ಕಚ್ಚಿ ಆಸ್ಪತ್ರೆ ಸೇರುವವರ ಸಂಖ್ಯೆ ಏರುತ್ತಲೇ ಹೋಯಿತು. ಪಟ್ಟಿಯಲ್ಲಿಲ್ಲದ ಹೊಸ ದೈತ್ಯನೊಂದನ್ನು, ಎಕ್ಸ್‌ಎಲ್ ಬುಲ್ಲಿಯನ್ನು, ಜನ ಬೆಳೆಸಿದರು. ಅದನ್ನೂ ಪಟ್ಟಿಗೆ ಸೇರಿಸಬೇಕಾಯಿತು. ನೆದರ್ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು ಕಚ್ಚುವುದು ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. ಅಮೆರಿಕದ ಡೆನ್ವರ್ ನಗರ 1989ರ ನಿಷೇಧವನ್ನು 2020ರಲ್ಲಿ ಮತದಾರರನ್ನು ಕೇಳಿ ಪರವಾನಗಿ ಪದ್ಧತಿಗೆ ಬದಲಿಸಿತು. ಕೆನಡಾದ ಕ್ಯಾಲ್ಗರಿ ತಳಿಯನ್ನು ಮುಟ್ಟದೆ ಪರವಾನಗಿಯನ್ನೂ ಮಾಲೀಕರ ಮೇಲಿನ ದಂಡವನ್ನೂ ಬಿಗಿಮಾಡಿತು. ನಾಯಿಗಳ ನೀತಿಯ ಬಗ್ಗೆ ಬರೆಯುವವರು ಅದನ್ನೇ ಮಾದರಿಯೆಂದು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ. ನಿಷೇಧದ ಪರ ಇರುವವರ ಒಂದು ಮಾತನ್ನು ಮಾತ್ರ ಒಪ್ಪಬೇಕು: ಕಚ್ಚುವ ಪ್ರಸಂಗಗಳು ಕಡಿಮೆಯಾಗದಿದ್ದರೂ ಸಾವುಗಳು ಕಡಿಮೆಯಾದರೆ ಅದೂ ಲಾಭವೇ. ಸಾವುಗಳು ಸಂಖ್ಯೆಯಲ್ಲಿ ವಿರಳವಾದ್ದರಿಂದ ಆ ವಾದ ಇನ್ನೂ ತೀರ್ಮಾನವಾಗಿಲ್ಲ.

ನಾವು ಲಂಡನ್ನಿನಲ್ಲಿದ್ದೇವೆ. ಗೆಳೆಯರು ಊರಿಗೆ ಮರಳುತ್ತಿದ್ದಾರೆ, ಅವರ ಎಕ್ಸ್‌ಎಲ್ ಬುಲ್ಲಿಯನ್ನು ನಾವು ಇಟ್ಟುಕೊಳ್ಳಬಹುದೇ?

ಬೇಡ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2023ರ ಡಿಸೆಂಬರ್ 31ರಿಂದ ಅದನ್ನು ಮಾರುವುದು, ಕೊಡುವುದು, ಬೇರೆಯವರಿಗೆ ದಾಟಿಸುವುದು ಅಪರಾಧ. 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ಪತ್ರ ಇರುವವರೂ ಸಾರ್ವಜನಿಕವಾಗಿ ಹಗ್ಗ, ಬಾಯಿಕುಕ್ಕೆ ಎರಡನ್ನೂ ಹಾಕಬೇಕು. ಗೆಳೆಯರು ಏನನ್ನೂ ಮಾಡುವ ಮೊದಲು ಅಲ್ಲಿನ ವಕೀಲರನ್ನು ಕಾಣಲಿ.

ಬೀದಿನಾಯಿಗಳು ಊರೆಲ್ಲ ಕಚ್ಚುತ್ತಿರುವಾಗ ಸಾಕುನಾಯಿಗಳ ಮೇಲೇಕೆ ಕಣ್ಣು?

ಎರಡೂ ಬೇರೆ ಬೇರೆ ಸಮಸ್ಯೆಗಳು, ಒಂದನ್ನು ತೋರಿಸಿ ಇನ್ನೊಂದರಿಂದ ನುಣುಚಿಕೊಳ್ಳಬಾರದು. ಬೀದಿನಾಯಿಗಳ ವಿಚಾರ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಡಿ ಪಾಲಿಕೆಗಳ ಹೊಣೆ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯಕ್ಕೆ ಸಾಗಿಸಿ ಎಂದ ಸುಪ್ರೀಂ ಕೋರ್ಟ್, ಅದೇ ತಿಂಗಳ 22ರಂದು ಆದೇಶವನ್ನು ತಿದ್ದಿ, ಸಂತಾನಹರಣ ಮತ್ತು ಲಸಿಕೆಯ ಬಳಿಕ ಹಿಡಿದ ಜಾಗದಲ್ಲೇ ಬಿಡಿ, ರೇಬೀಸ್ ಇರುವ ಮತ್ತು ಆಕ್ರಮಣಕಾರಿಯಾದವನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ತೆರವು ಮಾಡಲು ಹೇಳಿತು. ಸಾಕುನಾಯಿಗೆ ಇಷ್ಟೆಲ್ಲ ಗೋಜಿಲ್ಲ, ಅದಕ್ಕೊಬ್ಬ ಮಾಲೀಕ ಇದ್ದಾನೆ. ಅಂದಹಾಗೆ, ಬೀದಿಗೆ ಹೊಸ ನಾಯಿಗಳು ಬರುವ ದಾರಿಗಳಲ್ಲಿ ಒಂದು ಸಂತಾನಹರಣ ಮಾಡಿಸದೆ ಬಿಟ್ಟ ಸಾಕುನಾಯಿಯ ಮರಿಗಳು.

## ಕಚ್ಚುವ ಮುನ್ನ, ಕಚ್ಚಿದ ಮೇಲೆ

'ಯಾವ ಸುಳಿವೂ ಇಲ್ಲದೆ ಕಚ್ಚಿಬಿಟ್ಟಿತು.' ಇದು ನಿಜವಿರಬಹುದೇ?

ಬಹಳ ಅಪರೂಪ. ನಾಯಿ ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈಯನ್ನು ಮರದಂತೆ ಬಿಗಿಮಾಡುತ್ತದೆ. ಇಷ್ಟಕ್ಕೂ ಕೇಳದಿದ್ದರೆ ಗುರುಗುಡುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದು ಬಾಯಿ ಮುಚ್ಚಿಸಿದ ಮನೆಗಳಲ್ಲೇ ನಾಯಿ 'ಸುಳಿವಿಲ್ಲದೆ' ಕಚ್ಚುವುದು. ಸುಳಿವು ಕೊಡಬಾರದೆಂದು ನೀವೇ ಕಲಿಸಿದ್ದೀರಿ. ಬಾಲ ಅಲ್ಲಾಡಿಸಿದ್ದೆಲ್ಲ ಸ್ನೇಹವಲ್ಲ. ಎತ್ತರಕ್ಕೆ ಹಿಡಿದು ಬಿಗಿಯಾಗಿ ಅದುರುವ ಬಾಲ ಎಚ್ಚರಿಕೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಯಾರೂ ಕೈ ಚಾಚಬೇಡಿ. ಮಕ್ಕಳಿಗೆ ಮೂರು ಮಾತು ಹೇಳಿಕೊಡಿ: ಉಣ್ಣುವ, ಮಲಗಿರುವ, ಮರಿಗಳಿರುವ ನಾಯಿಯ ಹತ್ತಿರ ಹೋಗಬಾರದು, ಯಾವ ನಾಯಿಯನ್ನೂ ಅಪ್ಪಿಕೊಳ್ಳಬಾರದು, ಅಟ್ಟಿಸಿಕೊಂಡು ಬಂದರೆ ಓಡದೆ ಕೈಕಟ್ಟಿ ನೆಲ ನೋಡುತ್ತ ನಿಲ್ಲಬೇಕು.

ಕಚ್ಚಿದ ತಕ್ಷಣ ಏನು ಮಾಡಬೇಕು?

ನಲ್ಲಿಯ ಕೆಳಗೆ ಗಾಯವನ್ನಿಟ್ಟು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿ, ಹದಿನೈದು ನಿಮಿಷ ನೀವು ಅಂದುಕೊಂಡದ್ದಕ್ಕಿಂತ ಬಹಳ ದೀರ್ಘ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಮೊದಲ ಸೂಜಿಯ ದಿನವನ್ನು 0 ಎಂದು ಎಣಿಸಿದರೆ, ಚರ್ಮಕ್ಕೆ ಚುಚ್ಚುವ ವಿಧಾನದಲ್ಲಿ ಲಸಿಕೆಯ ದಿನಗಳು 0, 3, 7, 28. ಸ್ನಾಯುವಿಗೆ ಚುಚ್ಚುವುದಾದರೆ 0, 3, 7, 14, 28. ರಕ್ತ ಬಂದಿದ್ದರೆ ಗಾಯದ ಸುತ್ತ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವನ್ನು ತಡೆಯುವ ಸಿದ್ಧ ಪ್ರತಿಕಾಯ) ಕೂಡ ಬೇಕು. ವೈದ್ಯರು ಮರೆತರೆ ನೀವೇ ಕೇಳಿ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬುದು ಸರಿ, ಆದರೆ ಆ ಹತ್ತು ದಿನ ಲಸಿಕೆಯನ್ನು ಮುಂದೂಡುವುದಕ್ಕಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದು ಇಲ್ಲ. ಸಾಕುನಾಯಿಗೆ ಲಸಿಕೆ ಆಗಿದೆಯೆಂದು ಅದರ ಮಾಲೀಕರು ಆಣೆ ಇಟ್ಟರೂ ವೈದ್ಯರನ್ನು ಕಾಣದೆ ಸುಮ್ಮನಿರಬೇಡಿ.

ಕಚ್ಚಿದ್ದು ನನ್ನ ನಾಯಿ. ನಾನೇನು ಮಾಡಬೇಕು?

ಮೊದಲು ನಾಯಿಯನ್ನು ಒಳಗೆ ಕಟ್ಟಿ, ಆಮೇಲೆ ಗಾಯಗೊಂಡವರನ್ನು ನೀವೇ ಆಸ್ಪತ್ರೆಗೆ ಕರೆದೊಯ್ಯಿರಿ. 'ಅವರೇ ಕೆಣಕಿರಬೇಕು' ಎಂಬ ವಾದಕ್ಕೆ ಇದು ಸಮಯವಲ್ಲ. ಲಸಿಕೆ ಪುಸ್ತಕದ ಪ್ರತಿಯನ್ನು ಅವರ ಕೈಗೆ ಕೊಡಿ. ಎಲ್ಲ ಸೂಜಿಗಳ, ಕೆಲಸ ತಪ್ಪಿದ ದಿನಗಳ ಖರ್ಚನ್ನು ಕೇಳುವ ಮೊದಲೇ ಭರಿಸಿ. ಗಾಯಾಳುವಿನ ವೆಚ್ಚಕ್ಕೆ ಮಾಲೀಕರು ಹೊಣೆಯಾಗಬೇಕೆಂಬ ಮಾತು ತಳಿ ಸುತ್ತೋಲೆಯನ್ನು ರದ್ದುಪಡಿಸಿದ ಕರ್ನಾಟಕ ಹೈಕೋರ್ಟಿನ 2024ರ ಆದೇಶದಲ್ಲೂ ಬಂದಿದೆ. ಪೊಲೀಸ್ ದೂರು ದಾಖಲಾದರೆ 291ರ ಜೊತೆಗೆ, ಇತರರ ಪ್ರಾಣಕ್ಕೆ ಅಪಾಯ ತರುವ ಅಜಾಗರೂಕತೆಯ 125ನೇ ಕಲಮನ್ನೂ ಸೇರಿಸಬಹುದು. ನಾಯಿಯನ್ನು ಹತ್ತು ದಿನ ಬೇರೆಡೆ ಸಾಗಿಸದೆ ಕಣ್ಣೆದುರೇ ಇಟ್ಟುಕೊಳ್ಳಿ, ಪಶುವೈದ್ಯರಿಗೆ ತೋರಿಸಿ. ಕಿವಿನೋವು, ಕೀಲುನೋವು, ಥೈರಾಯ್ಡ್ ತೊಂದರೆ ಇರುವ ನಾಯಿಯೂ ಇದ್ದಕ್ಕಿದ್ದಂತೆ ಸಿಡುಕುತ್ತದೆ.

ಇನ್ನು ಸಾಕಲು ಆಗುವುದಿಲ್ಲ. ಊರಾಚೆ ಎಲ್ಲಾದರೂ ಬಿಟ್ಟು ಬರಬಹುದೇ?

2024ರ ಸುತ್ತೋಲೆಯ ಸುದ್ದಿ ಹರಡಿದಾಗ ಹಾಗೆ ಮಾಡಿದವರಿದ್ದರು. ಕೊರಳಪಟ್ಟಿಯ ಗುರುತು ಇನ್ನೂ ಮಾಸದ ದೊಡ್ಡ ನಾಯಿಗಳು ಬೀದಿಯಲ್ಲಿ ಹಸಿದು ನಿಂತವು. ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡಿ ತೊರೆಯುವುದು 1960ರ ಕಾಯ್ದೆಯಡಿ ಅಪರಾಧ. ಮೊದಲ ತಪ್ಪಿಗೆ ದಂಡದ ಮಿತಿ ಇವತ್ತಿಗೂ ಐವತ್ತು ರೂಪಾಯಿ ಎಂಬುದು ನಾಚಿಕೆಗೇಡು, ಆದರೆ ಅದು ನಿಮಗೆ ರಹದಾರಿಯಲ್ಲ. ಮರಿ ಕೊಟ್ಟವರನ್ನೇ ಮೊದಲು ಕೇಳಿ, ಒಳ್ಳೆಯವರು ವಾಪಸು ತೆಗೆದುಕೊಳ್ಳುತ್ತಾರೆ. ಪಶುವೈದ್ಯರ ಮೂಲಕ ಇನ್ನೊಂದು ಮನೆ ಹುಡುಕಿ. ಮನುಷ್ಯರಿಗೆ ನಿಜವಾಗಿ ಅಪಾಯವಾದ, ಯಾವ ತರಬೇತಿಗೂ ಬಗ್ಗದ ನಾಯಿಯಾದರೆ ದಯಾಮರಣದ ಮಾತನ್ನು ಪಶುವೈದ್ಯರೊಂದಿಗೆ ಮುಚ್ಚುಮರೆಯಿಲ್ಲದೆ ಆಡಿ. ಹೊಸ ಮನೆ ಸಿಕ್ಕರೆ ಲಸಿಕೆ ಪುಸ್ತಕ, ಪರವಾನಗಿಗಳ ಜೊತೆಗೆ ಅದು ಹಿಂದೆ ಯಾರನ್ನು, ಯಾವಾಗ, ಯಾವ ಸಂದರ್ಭದಲ್ಲಿ ಕಚ್ಚಿತ್ತು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಕೊಡಿ.